ಮನೆಗೆ ಕುನ್ನಿ ಬಂತು: ಮೊದಲ ಮೂರು ತಿಂಗಳ ಊಟ, ಔಷಧ, ಆರೈಕೆ

ನಮ್ಮ ಕಡೆ ಕುನ್ನಿ ಮನೆಗೆ ಬಂದ ಕೂಡಲೇ ಆಗುವ ಮೊದಲ ಉಪಚಾರ ಹಾಲು-ರೊಟ್ಟಿ. ಒಂದು ಬಟ್ಟಲು ಎಮ್ಮೆ ಹಾಲು, ಅದರಲ್ಲಿ ಮುರಿದು ಹಾಕಿದ ಜೋಳದ ರೊಟ್ಟಿ. ಕುನ್ನಿ ಬಟ್ಟಲು ನೆಕ್ಕಿ ಖಾಲಿ ಮಾಡುತ್ತದೆ, ಮನೆಯವರಿಗೆ ಸಮಾಧಾನ. ಎಷ್ಟೋ ಮರಿಗಳಿಗೆ ಮರುದಿನವೇ ಭೇದಿ ಹತ್ತುತ್ತದೆ. ಭೇದಿ ಹತ್ತದೆ ಉಳಿದವು ಎರಡು ತಿಂಗಳಲ್ಲಿ ಡೊಳ್ಳುಹೊಟ್ಟೆ, ಸೊಟ್ಟ ಮುಂಗಾಲು, ಒರಟು ಕೂದಲು ಹೊತ್ತು ಬೆಳೆಯುತ್ತವೆ. ಇದು ಪ್ರೀತಿ ಕಡಿಮೆಯಾಗಿ ಆಗುವುದಲ್ಲ. ಬೆಳೆಯುವ ನಾಯಿಗೆ ಬೇಕಾದಷ್ಟು ಪ್ರೋಟೀನ್, ಕೊಬ್ಬು, ಕ್ಯಾಲ್ಸಿಯಂ ಆ ಬಟ್ಟಲಲ್ಲಿ ಇರುವುದಿಲ್ಲ, ಅಷ್ಟೇ. ಊಟ ಸರಿಪಡಿಸಿ, ಜಂತಿನ ಔಷಧ ಮತ್ತು ಲಸಿಕೆ ಹೊತ್ತಿಗೆ ಸರಿಯಾಗಿ ಕೊಟ್ಟರೆ ಕುನ್ನಿಗಳು ಸಾಯುವ ದೊಡ್ಡ ಕಾರಣಗಳೆಲ್ಲ ದೂರವಾಗುತ್ತವೆ.

ಮೊದಲು ವಯಸ್ಸು ತಿಳಿದುಕೊಳ್ಳಿ

ಊಟ, ಔಷಧ ಎರಡೂ ವಯಸ್ಸಿನ ಮೇಲೆ ನಿಂತಿವೆ. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಕಣ್ಣು, ಹಲ್ಲು ನೋಡಿ. 10ರಿಂದ 14ನೇ ದಿನದ ಹೊತ್ತಿಗೆ ಕಣ್ಣು ಬಿಡುತ್ತವೆ. 3 ವಾರಕ್ಕೆ ತೂರಾಡುತ್ತ ನಡೆಯುತ್ತವೆ, ಒಸಡಿನಲ್ಲಿ ಹಾಲುಹಲ್ಲು ಮೂಡತೊಡಗುತ್ತವೆ. 6ರಿಂದ 8 ವಾರದೊಳಗೆ 28 ಹಾಲುಹಲ್ಲೂ ಬಂದಿರುತ್ತವೆ. ಮುಂದಿನ ಸಣ್ಣ ಹಲ್ಲು ಬಿದ್ದು ಅಗಲವಾದ ಹಲ್ಲು ಬರುತ್ತಿದ್ದರೆ ಮರಿಗೆ ಸುಮಾರು 4 ತಿಂಗಳು.

8 ವಾರ ತುಂಬುವತನಕ ಮರಿ ತಾಯಿಯ ಹತ್ತಿರ ಇರಬೇಕು. ಮುಧೋಳ, ಜಮಖಂಡಿ ಕಡೆ ಮುಧೋಳ ತಳಿಯ ಮರಿ ಕೊಳ್ಳುವವರು ತಿಂಗಳಿಗೇ ಒಯ್ಯಲು ಅವಸರ ಮಾಡುವುದುಂಟು. 8 ವಾರ ತುಂಬದ ಮರಿಯನ್ನು ತಳಿಗಾರರು ಮಾರುವಂತಿಲ್ಲ ಎಂದು 2017ರ ಕೇಂದ್ರ ಸರ್ಕಾರದ ನಿಯಮವೇ ಇದೆ. ನಿಯಮದ ಮಾತು ಬಿಟ್ಟರೂ, ಕಚ್ಚಿದರೆ ಎಷ್ಟು ನೋಯುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುವಾಗಲೇ. ಬೇಗ ಕಿತ್ತು ತಂದ ಮರಿ ದೊಡ್ಡದಾದ ಮೇಲೆ ಹೆಚ್ಚು ಕಚ್ಚುತ್ತದೆ, ಹೆಚ್ಚು ಹೆದರುತ್ತದೆ. ಮುಧೋಳ ತಳಿಯೇ ಬೇಕೆನ್ನುವವರು ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ನಡೆಯುವ ಸಂಸ್ಥೆ ಅದು.

ಕಣ್ಣು ಬಿಡದ ಅನಾಥ ಮರಿ ಸಿಕ್ಕರೆ

ತಾಯಿ ಗಾಡಿಗೆ ಸಿಕ್ಕು ಸತ್ತು, ಮರಿಗಳು ಚರಂಡಿ ಪಕ್ಕ ಅಳುತ್ತ ಉಳಿಯುವುದು ನಮ್ಮ ಊರುಗಳಲ್ಲಿ ಹೊಸದಲ್ಲ. ಅಂಥ ಮರಿಯನ್ನು ಎತ್ತಿಕೊಂಡ ಕೂಡಲೇ ಹಾಲು ಕುಡಿಸಬೇಡಿ. ಮೊದಲು ಬೆಚ್ಚಗೆ ಮಾಡಿ. ತಣ್ಣಗಾದ ಮರಿಯ ಕರುಳು ಕೆಲಸ ಮಾಡುವುದಿಲ್ಲ. ಕುಡಿಸಿದ ಹಾಲು ಹೊಟ್ಟೆಯಲ್ಲೇ ನಿಂತು ಉಬ್ಬರಿಸುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ಎರಡು ಸುತ್ತು ಬಟ್ಟೆ ಸುತ್ತಿ, ರಟ್ಟಿನ ಡಬ್ಬಿಯ ಒಂದೇ ಬದಿಗೆ ಇಡಿ. ಇನ್ನೊಂದು ಬದಿ ಖಾಲಿ ಇರಲಿ, ಸೆಕೆಯಾದರೆ ಮರಿ ಸರಿದುಕೊಳ್ಳಲು ಜಾಗ ಬೇಕು. ಮೊದಲ ವಾರದ ಮರಿಯ ಡಬ್ಬಿಯೊಳಗೆ 29ರಿಂದ 32 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ವಾರ ಕಳೆದಂತೆ ಕಡಿಮೆ ಮಾಡುತ್ತ ಬನ್ನಿ.

ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಆಕಳ ಹಾಲಿಗಿಂತ ಸುಮಾರು ಎರಡು ಪಟ್ಟು, ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಕಡಿಮೆ. ಆದ್ದರಿಂದ ನಾಯಿಮರಿಗೆಂದೇ ಬರುವ ಹಾಲಿನ ಪುಡಿ ತರಿಸುವುದೇ ಸರಿ. ಅದು ಕೈಗೆ ಬರುವತನಕ, ಒಂದೆರಡು ದಿನಕ್ಕೆ ಮಾತ್ರ, ಕಾಯಿಸಿ ಆರಿಸಿದ ಕೆನೆಸಹಿತ ಆಕಳ ಹಾಲು 200 ಮಿ.ಲೀ., ಒಂದು ತತ್ತಿಯ ಹಳದಿ ಭಾಗ, ಅರ್ಧ ಚಮಚ ಅಡುಗೆ ಎಣ್ಣೆ ಕಲಸಿ ಸೋಸಿ ಕೊಡಬಹುದು. ಸಕ್ಕರೆ ಹಾಕಬೇಡಿ. ಪ್ರಮಾಣ: ಮರಿಯ ತೂಕದ ಪ್ರತಿ 100 ಗ್ರಾಂಗೆ ಒಂದು ಸಲಕ್ಕೆ 4 ಮಿ.ಲೀ. 300 ಗ್ರಾಂ ಮರಿಗೆ 12 ಮಿ.ಲೀ. ಆಯಿತು. ಮೊದಲ ವಾರ ರಾತ್ರಿಯೂ ಸೇರಿ 2-3 ತಾಸಿಗೊಮ್ಮೆ, ಮೂರನೇ ವಾರಕ್ಕೆ 4-5 ತಾಸಿಗೊಮ್ಮೆ.

ಕುಡಿಸುವ ಬಗೆಯಲ್ಲೇ ಹೆಚ್ಚು ಮರಿಗಳು ಸಾಯುತ್ತವೆ. ಕೂಸಿಗೆ ಕುಡಿಸಿದಂತೆ ಅಂಗಾತ ಮಲಗಿಸಿ ಕುಡಿಸಲೇಬಾರದು. ತೊಡೆಯ ಮೇಲೆ ಟವೆಲ್ ಹಾಸಿ, ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿ, ಗದ್ದ ತುಸು ಮೇಲಕ್ಕೆ ಬರುವಂತೆ ಹಿಡಿಯಿರಿ. ಹಾಲಿನ ಹನಿ ನಿಮ್ಮ ಮಣಿಕಟ್ಟಿನ ಒಳಬದಿಗೆ ಬಿದ್ದರೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಬಾಟಲಿ ತಲೆಕೆಳಗು ಮಾಡಿದಾಗ ನಿಪ್ಪಲಿನಿಂದ ಹಾಲು ತೊಟ್ಟಿಕ್ಕಬೇಕು. ಧಾರೆಯಾಗಿ ಬಿದ್ದರೆ ತೂತು ದೊಡ್ಡದಾಗಿದೆ, ನಿಪ್ಪಲು ಬದಲಿಸಿ. ಮರಿ ತಾನೇ ಚೀಪಬೇಕು, ಸಿರಿಂಜಿನಿಂದ ಒತ್ತಿ ತುಂಬುವುದು ಬೇಡ. ಮೂಗಿನಲ್ಲಿ ಹಾಲಿನ ಗುಳ್ಳೆ ಕಂಡರೆ ತಕ್ಷಣ ನಿಲ್ಲಿಸಿ, ತಲೆ ಕೆಳಗೆ ಬಾಗಿಸಿ ಒರೆಸಿ. ಮುಂದಿನ ದಿನಗಳಲ್ಲಿ ಉಸಿರು ಗೊರಗೊರ ಎಂದರೆ ನ್ಯುಮೋನಿಯಾ ಹಿಡಿದಿರಬಹುದು, ಡಾಕ್ಟರಿಗೆ ತೋರಿಸಲೇಬೇಕು.

3 ವಾರದ ಒಳಗಿನ ಮರಿ ತಾನಾಗಿ ಉಚ್ಚೆ, ಕಕ್ಕ ಮಾಡಲಾರದು. ತಾಯಿ ನೆಕ್ಕಿ ಮಾಡಿಸುವ ಕೆಲಸ ನಿಮ್ಮದಾಗುತ್ತದೆ. ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗವನ್ನು ಹಗುರಾಗಿ ಒರೆಸುತ್ತ ಇರಿ, ಉಚ್ಚೆ ಬರುತ್ತದೆ.

ಮೊದಲ ದಿನ, ಮೊದಲ ರಾತ್ರಿ

ಎರಡು ತಿಂಗಳ ಮರಿ ತಂದಿದ್ದೀರಿ ಎಂದುಕೊಳ್ಳೋಣ. ಅದು ಹಿಂದಿನ ಮನೆಯಲ್ಲಿ ಏನು ತಿನ್ನುತ್ತಿತ್ತು, ಜಂತಿನ ಔಷಧ ಯಾವಾಗ ಬಿತ್ತು, ಲಸಿಕೆಯ ಪುಸ್ತಕ ಇದೆಯೇ, ಈ ಮೂರನ್ನು ಕೇಳದೆ ಅಲ್ಲಿಂದ ಹೊರಡಬೇಡಿ. ಮೊದಲ 3-4 ದಿನ ಹಳೆಯ ಊಟವನ್ನೇ ಮುಂದುವರಿಸಿ, ಅದು ಅಷ್ಟು ಒಳ್ಳೆಯದಲ್ಲದಿದ್ದರೂ ಸರಿ. ಆಮೇಲೆ ಒಂದು ವಾರದಲ್ಲಿ ಹೊಸ ಊಟವನ್ನು ಕಾಲು ಭಾಗ, ಅರ್ಧ, ಮುಕ್ಕಾಲು, ಪೂರ್ತಿ ಎಂದು ಏರಿಸುತ್ತ ಹೋಗಿ. ಒಂದೇ ದಿನಕ್ಕೆ ಬದಲಿಸಿದರೆ ಭೇದಿ ಖಂಡಿತ. ಅದು ಊಟದ ಭೇದಿಯೋ ರೋಗದ ಭೇದಿಯೋ ಎಂಬ ಗೊಂದಲ ಬೇರೆ.

ಮಲಗಲು ಹಳೆಯ ಕೌದಿಯ ತುಂಡು ಹಾಸಿದ ಡಬ್ಬಿ ಸಾಕು. ಕಿತ್ತುಬಂದ ದಾರಗಳನ್ನು ಕತ್ತರಿಸಿ ತೆಗೆಯಿರಿ, ಮರಿ ದಾರ ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ಡಬ್ಬಿಯನ್ನು ಹಿತ್ತಲಲ್ಲಿ ಇಡಬೇಡಿ. ಮೊದಲ ಒಂದು ವಾರ ನೀವು ಮಲಗುವ ಕೋಣೆಯಲ್ಲೇ, ಕೈಗೆ ಎಟುಕುವಷ್ಟು ಹತ್ತಿರ ಇರಲಿ. ಅತ್ತಾಗ ಕೈ ಇಳಿಬಿಟ್ಟರೆ ಸುಮ್ಮನಾಗುತ್ತದೆ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿದ್ದರೆ ಇನ್ನೂ ಬೇಗ ನಿದ್ದೆ ಹೋಗುತ್ತದೆ. ಈ ವಯಸ್ಸಿನ ಮರಿ ದಿನಕ್ಕೆ 18ರಿಂದ 20 ತಾಸು ಮಲಗುತ್ತದೆ. ಓಣಿಯ ಮಕ್ಕಳೆಲ್ಲ ನೋಡಲು ಬರುತ್ತಾರೆ, ಬರಲಿ. ಮಲಗಿದ ಮರಿಯನ್ನು ಎಬ್ಬಿಸಿ ಎತ್ತಿಕೊಳ್ಳುವುದಕ್ಕೆ ಮಾತ್ರ ಬಿಡಬೇಡಿ.

ನಮ್ಮ ಮನೆಗಳ ನುಣುಪಾದ ಫರಸಿಯ ಮೇಲೆ ಮರಿಯ ಕಾಲು ಜಾರುತ್ತವೆ. ದಿನವಿಡೀ ಜಾರುತ್ತ ಬೆಳೆದರೆ ಕೀಲಿಗೆ ಒಳ್ಳೆಯದಲ್ಲ. ಅದು ಓಡಾಡುವ ಜಾಗದಲ್ಲಿ ಒಗೆದ ಗೋಣಿಚೀಲ ಹಾಸಿ.

ಏನು ಕೊಡಬೇಕು, ಎಷ್ಟು ಕೊಡಬೇಕು

ಮೊದಲು ಸಲದ ಲೆಕ್ಕ. 3 ತಿಂಗಳತನಕ ದಿನಕ್ಕೆ 4 ಸಲ, 6 ತಿಂಗಳತನಕ 3 ಸಲ, ಆಮೇಲೆ 2 ಸಲ. ಬೆಳಿಗ್ಗೆ 7, ಮಧ್ಯಾಹ್ನ 12, ಸಂಜೆ 5, ರಾತ್ರಿ 9 ಎಂದು ಇಟ್ಟುಕೊಂಡರೆ ಮನೆಯ ದಿನಚರಿಗೂ ಹೊಂದುತ್ತದೆ. ಬಟ್ಟಲು 15-20 ನಿಮಿಷ ಮುಂದಿರಲಿ, ಉಳಿದದ್ದನ್ನು ತೆಗೆದುಬಿಡಿ. ಏಪ್ರಿಲ್-ಮೇ ತಿಂಗಳಲ್ಲಿ ಹಸಿಯಾದ ಊಟ ಎರಡು ತಾಸಿನಲ್ಲಿ ಹುಳಿಯಾಗುತ್ತದೆ, ಇಟ್ಟದ್ದನ್ನೇ ಸಂಜೆಗೂ ತಿನ್ನಿಸುವುದು ಬೇಡ. ನೀರಿನ ಬಟ್ಟಲು ಮಾತ್ರ ಹಗಲು ರಾತ್ರಿ ತುಂಬಿರಬೇಕು.

2 ಕಿಲೋ ತೂಕದ ಎರಡು ತಿಂಗಳ ಮರಿಗೆ ದಿನಕ್ಕೆ ಸುಮಾರು 300ರಿಂದ 350 ಕಿಲೋಕ್ಯಾಲರಿ ಬೇಕು. ಅಂಗಡಿಯ ಒಣ ಪಪ್ಪಿ ಆಹಾರವಾದರೆ ಅದು 80-90 ಗ್ರಾಂ ಆಗುತ್ತದೆ. ನಾಲ್ಕು ಪಾಲು ಮಾಡಿ, ಪ್ರತಿ ಪಾಲನ್ನು ಬೆಚ್ಚಗಿನ ನೀರಲ್ಲಿ 15 ನಿಮಿಷ ನೆನೆಸಿ ಕೊಡಿ. ಚೀಲದ ಮೇಲೆ ‘ಪಪ್ಪಿ’ ಎಂದೇ ಬರೆದಿರಬೇಕು, ದೊಡ್ಡ ನಾಯಿಯ ಆಹಾರ ನಡೆಯದು. ಸಂತೆಯಲ್ಲಿ, ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಮಾರುವುದು ಎಂದು ತೆರೆದದ್ದೋ ಗೊತ್ತಾಗುವುದಿಲ್ಲ. ಅದರ ಕೊಬ್ಬು ಕಮಟಾಗಿರುತ್ತದೆ. ಸಣ್ಣದಾದರೂ ಮುಚ್ಚಿದ ಚೀಲವನ್ನೇ ತನ್ನಿ.

ಮನೆಯ ಅಡುಗೆಯಾದರೆ ಅದೇ 2 ಕಿಲೋ ಮರಿಗೆ ದಿನದ ಲೆಕ್ಕ ಹೀಗಿರಲಿ:

- ಬೇಯಿಸಿದ, ಎಲುಬಿಲ್ಲದ ಕೋಳಿ ಮಾಂಸ 80 ಗ್ರಾಂ
- ಮೆತ್ತಗೆ ಬೇಯಿಸಿದ ಅನ್ನ ಅಥವಾ ಜೋಳದ ನುಚ್ಚು 80 ಗ್ರಾಂ
- ಪೂರ್ತಿ ಬೇಯಿಸಿದ ಅರ್ಧ ತತ್ತಿ
- ಬೇಯಿಸಿ ಹಿಸುಕಿದ ಕುಂಬಳಕಾಯಿ ಅಥವಾ ಗಜ್ಜರಿ ಒಂದು ದೊಡ್ಡ ಚಮಚ
- ಅಡುಗೆ ಎಣ್ಣೆ ಅರ್ಧ ಚಮಚ
- ತತ್ತಿಯ ಚಿಪ್ಪಿನ ಪುಡಿ ಅರ್ಧ ಚಮಚ

ಉಪ್ಪು, ಖಾರ, ಒಗ್ಗರಣೆ ಏನೂ ಬೇಡ. ವಾರಕ್ಕೆ ಒಂದೆರಡು ಸಲ ಮಾಂಸದ ಪಾಲಿನಲ್ಲಿ 10-15 ಗ್ರಾಂ ಕೋಳಿಯ ಈಲಿ (ಲಿವರ್) ಸೇರಿಸಿ, ಹೆಚ್ಚಾದರೆ ಭೇದಿ. ಮರಿ 3 ಕಿಲೋ ಆದಾಗ ಇದರ ಒಂದೂವರೆ ಪಟ್ಟಿಗಿಂತ ತುಸು ಕಡಿಮೆ, 5 ಕಿಲೋಗೆ ಎರಡು ಪಟ್ಟು. ತೂಕ ಎಷ್ಟು ಪಟ್ಟು ಏರಿತೋ ಊಟವೂ ಅಷ್ಟೇ ಪಟ್ಟು ಏರಬೇಕೆಂದಿಲ್ಲ.

ಈ ಪಟ್ಟಿಯಲ್ಲಿ ಬಿಡಬಾರದ್ದು ಕೊನೆಯ ಸಾಲು. ಎಲುಬಿಲ್ಲದ ಮಾಂಸ, ಅನ್ನ, ರೊಟ್ಟಿ ಇವುಗಳಲ್ಲಿ ರಂಜಕ ಇದೆ, ಕ್ಯಾಲ್ಸಿಯಂ ಬಹಳ ಕಡಿಮೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯದಂತೆ ದೇಹ ತನ್ನ ಎಲುಬಿನಿಂದಲೇ ತೆಗೆದುಕೊಳ್ಳತೊಡಗುತ್ತದೆ. ಎಲುಬು ತೆಳ್ಳಗಾಗಿ ಮುಂಗಾಲು ಬಾಗುತ್ತದೆ, ಮಣಿಕಟ್ಟು ಕುಸಿದು ಪಾದ ಚಪ್ಪಟೆಯಾಗುತ್ತದೆ, ಮಂಚದಿಂದ ಜಿಗಿದರೂ ಕಾಲು ಮುರಿಯುತ್ತದೆ. ಚಿಪ್ಪಿನ ಪುಡಿ ಮಾಡುವುದು ಸುಲಭ: ತತ್ತಿಯ ಚಿಪ್ಪು ತೊಳೆದು, 10 ನಿಮಿಷ ಕುದಿಸಿ, ಬಿಸಿಲಿಗೆ ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ ಸೋಸಿಕೊಳ್ಳಿ. ಅರ್ಧ ಚಮಚದಲ್ಲಿ ಸುಮಾರು 1 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಪೂರ್ತಿ ಅಂಗಡಿಯ ಪಪ್ಪಿ ಆಹಾರ ತಿನ್ನುವ ಮರಿಗೆ ಈ ಪುಡಿಯಾಗಲಿ, ಕ್ಯಾಲ್ಸಿಯಂ ಸಿರಪ್ ಆಗಲಿ ಕೊಡಬೇಡಿ. ಅದರಲ್ಲಿ ಲೆಕ್ಕಕ್ಕೆ ತಕ್ಕಷ್ಟು ಹಾಕಿಯೇ ಇರುತ್ತಾರೆ. ದೊಡ್ಡ ತಳಿಯ ಮರಿಗೆ ಹೆಚ್ಚಾದ ಕ್ಯಾಲ್ಸಿಯಂ ಕೂಡ ಎಲುಬಿನ ಬೆಳವಣಿಗೆಯನ್ನು ಕೆಡಿಸುತ್ತದೆ.

ಮನೆಯ ಊಟವೊಂದರಿಂದಲೇ ಡಿ ಜೀವಸತ್ವ, ಸತು ಮುಂತಾದವು ಪೂರ್ತಿ ಸಿಗುವುದಿಲ್ಲ. ಆದ್ದರಿಂದ ಎರಡು ಹೊತ್ತು ಪಪ್ಪಿ ಆಹಾರ, ಎರಡು ಹೊತ್ತು ಮನೆಯ ಅಡುಗೆ ಎಂದು ಹಂಚಿಕೊಳ್ಳುವುದು ಖರ್ಚಿಗೂ ಆರೋಗ್ಯಕ್ಕೂ ಹೊಂದುವ ದಾರಿ. ಆಗ ಮನೆಯಡುಗೆಯ ಎಲ್ಲ ಅಳತೆ ಅರ್ಧ, ಚಿಪ್ಪಿನ ಪುಡಿ ಕಾಲು ಚಮಚ.

ಮಾಂಸ ಒಳಗೆ ಬಾರದ ಮನೆಗಳು ನಮ್ಮಲ್ಲಿ ಬಹಳ. ಅಂಥವರು ನಾಯಿ ಸಾಕಬಾರದೆಂದಲ್ಲ, ಆದರೆ ಬರೀ ಅನ್ನ-ಹಾಲು-ರೊಟ್ಟಿಯಲ್ಲಿ ಕುನ್ನಿ ಬೆಳೆಯುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಒಣ ಪಪ್ಪಿ ಆಹಾರವನ್ನು ಪಡಸಾಲೆಯಲ್ಲೋ ಹಿತ್ತಲಲ್ಲೋ ಬೇರೆ ಡಬ್ಬಿ, ಬೇರೆ ಬಟ್ಟಲಲ್ಲಿ ಇಟ್ಟು ಕೊಡುವುದು ಎಲ್ಲಕ್ಕಿಂತ ಸರಳ. ಅದರ ಜೊತೆ ಪನೀರ್, ಗಟ್ಟಿ ಮೊಸರು, ಚೆನ್ನಾಗಿ ಬೇಯಿಸಿದ ಹೆಸರುಬೇಳೆ ಸೇರಿಸಬಹುದು. ಅದೂ ಆಗದು ಎನ್ನುವವರು ಡಾಕ್ಟರ ಹತ್ತಿರ ಕೂತು ಊಟದ ಪಟ್ಟಿ, ಪೂರಕಗಳನ್ನು ಬರೆಸಿಕೊಳ್ಳಬೇಕು. ಅಂದಾಜಿನಲ್ಲಿ ನಡೆಸುವ ವಿಷಯವಲ್ಲ ಇದು.

ಹಾಗಾದರೆ ಹಾಲು? 8 ವಾರದ ಮೇಲಿನ ಮರಿಗೆ ಹಾಲು ಬೇಕೇ ಇಲ್ಲ. ಕೊಡಲೇಬೇಕೆನಿಸಿದರೆ ಒಂದೆರಡು ಚಮಚ ಮೊಸರು, ಇಲ್ಲವೇ ಉಪ್ಪು ಹಾಕದ ತೆಳು ಮಜ್ಜಿಗೆ ಕೊಡಿ. ಹೆಪ್ಪುಗಟ್ಟಿದಾಗ ಲ್ಯಾಕ್ಟೋಸ್ ಕಡಿಮೆಯಾಗುವುದರಿಂದ ಅದು ಹೊಟ್ಟೆಗೆ ಒಗ್ಗುತ್ತದೆ. ರೊಟ್ಟಿಯೂ ವಿಷವಲ್ಲ, ಅನ್ನದ ಬದಲಿಗೆ ನೆನೆಸಿದ ಕಾಲು ರೊಟ್ಟಿ ನಡೆಯುತ್ತದೆ. ಅದೇ ಊಟವಾಗಬಾರದು.

ಊಟ ಸಾಲುತ್ತಿದೆಯೇ ಎಂದು ತಿಳಿಯಲು ವಾರಕ್ಕೊಮ್ಮೆ ಒಂದೇ ಹೊತ್ತಿಗೆ ತೂಗಿ, ಕ್ಯಾಲೆಂಡರಿನ ಮೇಲೆ ಬರೆದಿಡಿ. ಕಿರಾಣಿ ಅಂಗಡಿಯ ತಕ್ಕಡಿಯೂ ಸಾಕು. ದೊಡ್ಡದಾದಾಗ ಎಷ್ಟು ಕಿಲೋ ಆಗುವ ತಳಿಯೋ, ಆ ಪ್ರತಿ ಕಿಲೋಗೆ ದಿನಕ್ಕೆ 2ರಿಂದ 4 ಗ್ರಾಂ ಏರಿದರೆ ಸರಿ. 20 ಕಿಲೋ ಆಗುವ ನಾಯಿಯ ಮರಿ ವಾರಕ್ಕೆ ಸುಮಾರು 300ರಿಂದ 550 ಗ್ರಾಂ ಏರಬೇಕು. ಪಕ್ಕೆ ಮುಟ್ಟಿದರೆ ಎಲುಬು ಸುಲಭವಾಗಿ ಕೈಗೆ ಸಿಗಬೇಕು, ಬೆನ್ನಮೂಳೆ ಮತ್ತು ಸೊಂಟದ ಎಲುಬು ಮಾತ್ರ ಎದ್ದು ಕಾಣಬಾರದು. ಮುಧೋಳ ನಾಯಿ ಹುಟ್ಟಾ ಸಪೂರ. ದೊಡ್ಡ ಮುಧೋಳ ನಾಯಿಯ ಹಿಂದಿನ ಒಂದೆರಡು ಪಕ್ಕೆಲುಬು ಕಾಣುವುದು ಸಹಜ, ಅದನ್ನು ದಪ್ಪ ಮಾಡಲು ತುಪ್ಪ ಸುರಿಯಬೇಡಿ. ಮರಿಯಿದ್ದಾಗ ಗಾಡಿಯ ಹಿಂದೆ ಓಡಿಸಿ ‘ತಯಾರಿ’ ಮಾಡುವ ರೂಢಿಯನ್ನೂ ಬಿಡಿ. ಒಂದು ವರ್ಷ ತುಂಬುವತನಕ ಎಲುಬಿನ ತುದಿಗಳು ಇನ್ನೂ ಮೆತ್ತಗಿದ್ದು ಬೆಳೆಯುತ್ತಿರುತ್ತವೆ. ತಾನಾಗಿ ಆಡಿ ಓಡಿದಷ್ಟು ಸಾಕು.

ಬಾಯಿಗೆ ಹೋಗಬಾರದವು

ದ್ರಾಕ್ಷಿ ಬೆಳೆಯುವ ತಿಕೋಟಾ, ಬಬಲೇಶ್ವರ ಕಡೆಯವರು ಇದನ್ನು ಮೊದಲು ಓದಬೇಕು: ದ್ರಾಕ್ಷಿ, ಅದಕ್ಕಿಂತ ಹೆಚ್ಚಾಗಿ ಒಣದ್ರಾಕ್ಷಿ, ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲವೇ ಕಾರಣವೆಂದು ಈಗ ಹೆಚ್ಚಿನ ವೈದ್ಯರು ಹೇಳುತ್ತಾರೆ. ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬೇರೆ, ಸಣ್ಣ ಮರಿಗೆ ಕೆಲವೇ ಕಾಳು ಸಾಕಾಗಬಹುದು. ಒಣದ್ರಾಕ್ಷಿ ಹಾಕುವ ಶೆಡ್ಡಿನಲ್ಲಿ ಕುನ್ನಿ ಬಿಡಬೇಡಿ. ಅಮೀನಗಡದ್ದಾಗಲಿ ಗೋಕಾಕದ್ದಾಗಲಿ, ಒಣದ್ರಾಕ್ಷಿ ಬಿದ್ದ ಕರದಂಟು ಕೂಡ ಬೇಡ. ಹುಣಸೆಹಣ್ಣಿನಲ್ಲೂ ಅದೇ ಆಮ್ಲ ಇದೆ, ಸಾರು ಕಲಸಿದ ಅನ್ನ ಹಾಕುವವರು ನೆನಪಿಡಬೇಕು.

ಉಳ್ಳಾಗಡ್ಡಿ, ಬಳ್ಳೊಳ್ಳಿ ಹಸಿಯಿರಲಿ ಬೆಂದಿರಲಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹೀಗಾಗಿ ಎಣಗಾಯಿ, ಶೇಂಗಾ ಹಿಂಡಿ, ಮಟನ್ ರಸ ಯಾವುದೂ ಸಲ್ಲದು. ಚಾಕೊಲೇಟ್, ಚಹಾ, ಕಾಫಿ ಹೃದಯಕ್ಕೆ ಕೆಟ್ಟವು. ಬೇಯಿಸಿದ ಕೋಳಿಯ ಎಲುಬು ಚೂಪಾಗಿ ಸೀಳುತ್ತದೆ, ಗಂಟಲು ಕರುಳು ಎರಡನ್ನೂ ಹರಿಯುತ್ತದೆ. ಕುಂದಾ, ಪೇಡೆ ಸಕ್ಕರೆ-ಕೊಬ್ಬಿನ ಗಟ್ಟಿ, ಮರಿಯ ಹೊಟ್ಟೆ ತಡೆಯದು.

ಜ್ವರ, ನೋವಿಗೆ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಯಾವುದನ್ನೂ ಚೂರು ಮಾಡಿಯೂ ಕೊಡಬೇಡಿ. ಹೊಲದ ಮನೆಗಳಲ್ಲಿ ಕೀಟನಾಶಕದ ಡಬ್ಬಿ, ಇಲಿ ಪಾಷಾಣ, ಮೈಲುತುತ್ತದ ಬಕೆಟ್ಟು ಎತ್ತರದ ಗೂಡಿಗೆ ಹೋಗಲಿ.

ಜಂತು

ಬಡಕಲು ಮೈ, ಡೊಳ್ಳುಹೊಟ್ಟೆ ಕಂಡರೆ ‘ಚೆನ್ನಾಗಿ ತಿಂದಿದೆ’ ಎನ್ನುವವರಿದ್ದಾರೆ. ಅದು ಜಂತು. ದುಂಡುಹುಳ ತಾಯಿಯ ಗರ್ಭದಲ್ಲಿದ್ದಾಗಲೇ ಮರಿಗೆ ದಾಟುತ್ತದೆ, ಹಾಲಿನಲ್ಲೂ ಬರುತ್ತದೆ. ಆದ್ದರಿಂದ ಮರಿ ಎಷ್ಟೇ ಸ್ವಚ್ಛ ಮನೆಯಲ್ಲಿ ಹುಟ್ಟಿದರೂ ಜಂತು ಇದೆ ಎಂದೇ ತಿಳಿದು ಔಷಧ ಹಾಕಬೇಕು. 2, 4, 6, 8ನೇ ವಾರಕ್ಕೆ ಒಂದೊಂದು ಸಲ, ಆಮೇಲೆ 6 ತಿಂಗಳತನಕ ತಿಂಗಳಿಗೊಮ್ಮೆ, ಮುಂದೆ ಮೂರು ತಿಂಗಳಿಗೊಮ್ಮೆ. ಒಂದೇ ಸಲ ಹಾಕಿ ಬಿಟ್ಟರೆ ಉಪಯೋಗವಿಲ್ಲ. ಔಷಧ ಕರುಳಿನ ಹುಳವನ್ನು ಕೊಲ್ಲುತ್ತದೆ, ಮೈಯೊಳಗೆ ಅಲೆಯುವ ಮರಿಹುಳಗಳು ಎರಡು ವಾರದಲ್ಲಿ ಕರುಳಿಗೆ ಇಳಿದು ಮತ್ತೆ ಬೆಳೆಯುತ್ತವೆ.

ಮರಿಗಳಿಗೆ ಪೈರಾಂಟೆಲ್ ಇರುವ ಸಿರಪ್ ಸಾಮಾನ್ಯ. ಪ್ರಮಾಣ ತೂಕದ ಮೇಲೆ, ಆದ್ದರಿಂದ ಆ ದಿನವೇ ತೂಗಿಸಿ ಡಾಕ್ಟರು ಹೇಳಿದಷ್ಟನ್ನೇ ಸಿರಿಂಜಿನಲ್ಲಿ ಅಳೆದು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ಮರುದಿನ ಕಕ್ಕದಲ್ಲಿ ಶಾವಿಗೆಯಂಥ ಹುಳ ಕಂಡರೆ ಗಾಬರಿ ಬೇಡ, ಔಷಧ ಕೆಲಸ ಮಾಡಿದೆ. ಆ ಕಕ್ಕವನ್ನು ಆಗಲೇ ಎತ್ತಿ ಹುಗಿಯಿರಿ. ಇದೇ ಹುಳದ ಮೊಟ್ಟೆ ಮಣ್ಣಿನಲ್ಲಿ ಆಡುವ ಮಕ್ಕಳ ಹೊಟ್ಟೆಗೂ ಹೋಗುತ್ತದೆ.

ಲಸಿಕೆ ಮತ್ತು ಪಾರ್ವೋ

6-8 ವಾರಕ್ಕೆ ಮೊದಲ ಲಸಿಕೆ, ಆಮೇಲೆ 3-4 ವಾರಕ್ಕೊಮ್ಮೆ ಮರಿಗೆ 16 ವಾರ ಆಗುವತನಕ. ಪಾರ್ವೋ (ವಾಂತಿ, ರಕ್ತಭೇದಿ ತಂದು ಮರಿಗಳನ್ನು ಕೊಲ್ಲುವ ವೈರಸ್ ರೋಗ), ಡಿಸ್ಟೆಂಪರ್, ಹೆಪಟೈಟಿಸ್, ಲೆಪ್ಟೊಸ್ಪೈರೋಸಿಸ್ ಈ ರೋಗಗಳಿಗೆ ಒಂದೇ ಇಂಜೆಕ್ಷನ್ ಬರುತ್ತದೆ. ರೇಬಿಸ್ ಲಸಿಕೆ 3 ತಿಂಗಳಿಗೆ. ಒಂದು ಇಂಜೆಕ್ಷನ್ ಆದರೆ ಸಾಕಲ್ಲ ಎಂದು ಕೇಳುವವರಿಗೆ ಕಾರಣ ಇದು: ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವತನಕ ಅದು ಲಸಿಕೆಯನ್ನೂ ಹೊಡೆದುಹಾಕುತ್ತದೆ. ಆ ರಕ್ಷಣೆ ಯಾವ ವಾರ ಮುಗಿಯುತ್ತದೆಂಬುದು ಒಂದೊಂದು ಮರಿಗೆ ಒಂದೊಂದು ಥರ. ಹೀಗಾಗಿ 16 ವಾರದ ಹೊತ್ತಿಗೆ ಬೀಳುವ ಕೊನೆಯ ಇಂಜೆಕ್ಷನ್ನೇ ಎಲ್ಲಕ್ಕಿಂತ ಮುಖ್ಯ.

ಮೆಡಿಕಲ್ ಶಾಪಿನಿಂದ ಲಸಿಕೆ ಕೊಂಡು ದನದ ದವಾಖಾನೆಗೆ ಒಯ್ಯುವ ರೂಢಿ ಇದ್ದಲ್ಲಿ ಒಂದು ಎಚ್ಚರ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ವಿಜಯಪುರದ ಮೇ ತಿಂಗಳ ಬಿಸಿಲಲ್ಲಿ ಅಂಗಿಯ ಜೇಬಿನಲ್ಲಿ ಅರ್ಧ ತಾಸು ಇಟ್ಟುಕೊಂಡು ಹೋದರೆ ಅದು ಕೆಟ್ಟಿರಬಹುದು, ಬಣ್ಣದಲ್ಲಿ ಏನೂ ಗೊತ್ತಾಗುವುದಿಲ್ಲ. ಬಟ್ಟೆ ಸುತ್ತಿದ ಐಸ್ ಪ್ಯಾಕಿನ ಜೊತೆ ಡಬ್ಬಿಯಲ್ಲಿ ಒಯ್ಯಿರಿ, ಐಸಿಗೆ ನೇರ ತಾಗಿ ಹೆಪ್ಪುಗಟ್ಟಲೂ ಬಾರದು. ಬಾಟಲಿಯ ಚೀಟಿಯನ್ನು ಪುಸ್ತಕಕ್ಕೆ ಅಂಟಿಸಿ ದಿನಾಂಕ ಬರೆಸಿ.

ಲಸಿಕೆ ಮುಗಿಯುವತನಕ ಮರಿಯನ್ನು ಬೀದಿಯಲ್ಲಿ ನೆಲಕ್ಕೆ ಬಿಡಬೇಡಿ. ಪಾರ್ವೋ ವೈರಸ್ ರೋಗಿ ನಾಯಿಯ ಕಕ್ಕದಿಂದ ಮಣ್ಣಿಗೆ ಬಂದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಉಳಿಯುತ್ತದೆ. ನಿಮ್ಮ ಚಪ್ಪಲಿಯಲ್ಲೇ ಮನೆಗೆ ಬರುತ್ತದೆ. ಫಿನೈಲಿಗೆ ಅದು ಸಾಯುವುದಿಲ್ಲ. ನೆಲ ತೊಳೆದ ಮೇಲೆ 1 ಭಾಗ ಬ್ಲೀಚ್ ದ್ರಾವಣಕ್ಕೆ 30 ಭಾಗ ನೀರು ಬೆರೆಸಿ 10 ನಿಮಿಷ ಬಿಟ್ಟು ಮತ್ತೆ ತೊಳೆಯಬೇಕು. ಮೊದಲು ಪಾರ್ವೋದಿಂದ ಮರಿ ಸತ್ತ ಮನೆಗೆ ಲಸಿಕೆ ಪೂರ್ತಿಯಾಗದ ಇನ್ನೊಂದು ಮರಿ ತರಬೇಡಿ.

ಹಾಗೆಂದು ಕತ್ತಲಕೋಣೆಯಲ್ಲಿ ಬೆಳೆಸುವುದೂ ತಪ್ಪು. 3ರಿಂದ 14 ವಾರದ ನಡುವೆ ಕಂಡದ್ದು, ಕೇಳಿದ್ದು ಮರಿಗೆ ಜೀವನವಿಡೀ ಪರಿಚಿತವಾಗುತ್ತದೆ. ಕಂಕುಳಲ್ಲಿ ಎತ್ತಿಕೊಂಡು ಟ್ರ್ಯಾಕ್ಟರ್ ಸದ್ದು, ಸಂತೆಯ ಗದ್ದಲ, ಮಕ್ಕಳು, ದನಕರು ಎಲ್ಲ ತೋರಿಸಿ.

ಉಣ್ಣಿ, ಸ್ನಾನ, ಬಿಸಿಲು

ಉಣ್ಣಿ ಬರೀ ರಕ್ತ ಹೀರುವುದಿಲ್ಲ, ಉಣ್ಣಿಜ್ವರವನ್ನೂ ತರುತ್ತದೆ. ಕಿವಿಯ ಒಳಮಡಿಕೆ, ಬೆರಳಿನ ಸಂದು, ಕೊರಳಪಟ್ಟಿಯ ಕೆಳಗೆ ದಿನಾ ನೋಡಿ. ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಎಳೆಯಿರಿ, ಸಾಬೂನುನೀರಿಗೆ ಹಾಕಿ. ಕೈಯಲ್ಲಿ ಹಿಸುಕಬೇಡಿ.

ದನಕ್ಕೆ ತಂದ ಉಣ್ಣಿ ಔಷಧವನ್ನು ಕುನ್ನಿಯ ಮೈಗೂ ಹಚ್ಚುವುದು ಹಳ್ಳಿಗಳಲ್ಲಿ ಆಗುತ್ತಲೇ ಇರುತ್ತದೆ. ಆ ಔಷಧ ಬಹಳ ಗಟ್ಟಿ. ಮರಿ ಮೈ ನೆಕ್ಕಿಕೊಂಡು ಜೊಲ್ಲು ಸುರಿಸುತ್ತ, ನಡುಗುತ್ತ, ಸೆಟೆದು ಬೀಳುತ್ತದೆ. ಸೀಮೆಎಣ್ಣೆ, ಫಿನೈಲ್ ಸಹ ಚರ್ಮ ಸುಡುತ್ತವೆ. ಸಣ್ಣ ಮರಿಗೂ ನಡೆಯುವ ಫಿಪ್ರೋನಿಲ್ ಸ್ಪ್ರೇ ಸಿಗುತ್ತದೆ, ಎಷ್ಟು ಎಂಬುದನ್ನು ತೂಕ ಹೇಳಿ ಕೇಳಿಕೊಳ್ಳಿ. ಉಣ್ಣಿ ಮೊಟ್ಟೆ ಇಡುವುದು ಗೋಡೆಯ ಬಿರುಕಿನಲ್ಲಿ. ಮಲಗುವ ಜಾಗದ ಸುತ್ತಲಿನ ಬಿರುಕು ಮೆತ್ತದೆ ಮೈಗೆ ಎಷ್ಟು ಹೊಡೆದರೂ ಅವು ತಿರುಗಿ ಬರುತ್ತವೆ.

ಎರಡು ತಿಂಗಳ ಒಳಗೆ ಸ್ನಾನ ಬೇಡ, ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ ಒದ್ದೆಯಾದ ಮರಿಯನ್ನು ಪಾದದ ಸಂದುಗಳ ಸಹಿತ ಒಣಗಿಸಿ, ಇಲ್ಲದಿದ್ದರೆ ಚರ್ಮಕ್ಕೆ ಬೂಸಿನ ಹುಣ್ಣು ಬರುತ್ತದೆ. ಬಾಗಲಕೋಟೆಯ ಹೋಳಿಯ ದಿನಗಳಲ್ಲಿ ಕುನ್ನಿ ಒಳಗೇ ಇರಲಿ, ಬಣ್ಣ ಬಿದ್ದರೆ ನೆಕ್ಕುತ್ತದೆ.

ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಕಟ್ಟಿದ ಮರಿ ಮಧ್ಯಾಹ್ನದೊಳಗೆ ಸಾಯಬಹುದು. ನಾಲಿಗೆ ಕಡುಗೆಂಪಾಗಿ, ನಿಲ್ಲದೆ ಏದುಸಿರು ಬಿಡುತ್ತ, ಕಾಲು ತೊಡರುತ್ತಿದ್ದರೆ ನೆರಳಿಗೆ ತಂದು ಹೊಟ್ಟೆ, ತೊಡೆಸಂದು, ಪಾದಗಳಿಗೆ ನಲ್ಲಿಯ ನೀರು ಸುರಿದು ಗಾಳಿ ಹಾಕಿ, ಹಾಗೆಯೇ ದವಾಖಾನೆಗೆ ಹೊರಡಿ.

ಉಚ್ಚೆಯ ರೂಢಿ, ಕಚ್ಚುವ ಚಟ

ಎದ್ದ ಕೂಡಲೇ, ಊಟವಾದ 10-20 ನಿಮಿಷಕ್ಕೆ, ಆಟ ಮುಗಿದಾಗ, ಇದಲ್ಲದೆ ಎರಡು ತಾಸಿಗೊಮ್ಮೆ ಹಿತ್ತಲಿನ ಒಂದೇ ಜಾಗಕ್ಕೆ ಒಯ್ಯಿರಿ. ಮಾಡಿದ ಕ್ಷಣದಲ್ಲೇ ಹೊಗಳಿ ಒಂದು ಚೂರು ತಿನಿಸು ಕೊಡಿ. ಒಳಗೆ ಮಾಡಿದರೆ ಮೂಗು ತಿಕ್ಕುವುದು, ಹೊಡೆಯುವುದು ಬೇಡ. ಅದರಿಂದ ಮರಿ ಕಲಿಯುವುದು ಮಂಚದ ಕೆಳಗೆ ಅಡಗಿ ಮಾಡುವುದನ್ನಷ್ಟೇ. ಕೈ ಕಚ್ಚಿದಾಗ ಆಟ ನಿಲ್ಲಿಸಿ ಎದ್ದು ಹೋಗಿ. ಒಸಡು ಕೆರೆಯುವುದಕ್ಕೆ ಗಂಟು ಹಾಕಿದ ಒದ್ದೆ ಬಟ್ಟೆಯನ್ನು ತಣ್ಣಗೆ ಮಾಡಿ ಕೊಡಿ.

ಲಸಿಕೆ ಆಗದ ಮರಿಯ ಹಲ್ಲು ತಾಗಿ ರಕ್ತ ಬಂದರೆ, ‘ಸಣ್ಣ ಕುನ್ನಿ, ಏನಾಗುತ್ತದೆ’ ಎನ್ನಬೇಡಿ. ಸಣ್ಣ ಮರಿಗೂ ರೇಬಿಸ್ ಬರುತ್ತದೆ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿ.

ತಡ ಮಾಡಬಾರದ ಹೊತ್ತು

ಆರೋಗ್ಯ ಇದ್ದಾಗಲೇ ಒಸಡು ನೋಡಿ ರೂಢಿಯಾಗಿರಿ. ಮೇಲ್ತುಟಿ ಎತ್ತಿ, ಗುಲಾಬಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಗುರುತು 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಒಸಡು ಕಾಗದದಷ್ಟು ಬಿಳಿಯಾಗಿದ್ದರೆ ಕರುಳಿನಲ್ಲಿ ರಕ್ತ ಹೀರುವ ಕೊಕ್ಕೆಹುಳವೋ ಉಣ್ಣಿಯೋ ರಕ್ತ ಬರಿದು ಮಾಡಿರಬಹುದು. ಒಣಗಿ ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ.

ಭೇದಿ ಒಂದೆರಡು ಸಲ ಆಗಿ, ಮರಿ ಆಡುತ್ತ ನೀರು ಕುಡಿಯುತ್ತಿದ್ದರೆ ಒಂದು ದಿನ ಮೆತ್ತನೆ ಅನ್ನ, ಬೇಯಿಸಿದ ಕೋಳಿ ಅಥವಾ ಮೊಸರು ಸ್ವಲ್ಪ ಸ್ವಲ್ಪವೇ ಐದಾರು ಸಲ ಕೊಟ್ಟು ನೋಡಬಹುದು. ಮರಿಗೆ ಲಂಘನ ಹಾಕಬೇಡಿ. ಸಣ್ಣ ದೇಹದಲ್ಲಿ ಸಕ್ಕರೆ ಬೇಗ ಕುಸಿಯುತ್ತದೆ. ಮರಿ ಜೋಲುಬಿದ್ದು ತೂರಾಡುತ್ತಿದ್ದರೆ ಬೆಲ್ಲದ ಅಥವಾ ಸಕ್ಕರೆಯ ಗಟ್ಟಿ ನೀರನ್ನು ಬೆರಳಿನಿಂದ ಒಸಡಿಗೆ ತಿಕ್ಕಿ, ಬೆಚ್ಚಗೆ ಸುತ್ತಿ ಹೊರಡಿ. ವಾಂತಿಯೂ ಭೇದಿಯೂ ಕೂಡಿ ಬಂದರೆ, ಭೇದಿಯಲ್ಲಿ ರಕ್ತ ಇದ್ದು ಗಬ್ಬು ನಾತ ಬಂದರೆ, ಎರಡು ಹೊತ್ತು ಊಟ ಬಿಟ್ಟು ಮೂಲೆ ಹಿಡಿದರೆ ಅದು ಪಾರ್ವೋ ಎಂದೇ ತಿಳಿದು ಅದೇ ದಿನ ಹೋಗಿ. ಬೆಳಿಗ್ಗೆ ನೋಡೋಣ ಎಂದರೆ ಬೆಳಿಗ್ಗೆಯ ಹೊತ್ತಿಗೆ ಸಲೈನ್ ಏರಿಸಲು ನರವೇ ಸಿಗದಂತಾಗಿರುತ್ತದೆ. ವಾಂತಿ ಮಾಡುವ ಮರಿಗೆ ಬಾಯಿ ತೆರೆಸಿ ಹಾಲು, ಓಆರ್‌ಎಸ್ ಸುರಿಯಬೇಡಿ. ಹೋಗುವಾಗ ಲಸಿಕೆ ಪುಸ್ತಕ, ಜಂತಿನ ಔಷಧದ ಬಾಟಲಿ, ಸಾಧ್ಯವಾದರೆ ಭೇದಿಯ ಫೋಟೋ ಜೊತೆಗಿರಲಿ. ದವಾಖಾನೆಯ ನೆಲಕ್ಕೆ ಇಳಿಸದೆ ಡಬ್ಬಿಯಲ್ಲೇ ಇಟ್ಟುಕೊಂಡು ಕೂರಿ, ಪಕ್ಕದಲ್ಲಿ ಲಸಿಕೆಗೆ ಬಂದ ಇನ್ನೊಬ್ಬರ ಕುನ್ನಿ ಇರುತ್ತದೆ.